ಪುಟ್ಟ ಮಗುವಿನೊಂದಿಗೆ ಥೀಮ್ ಪಾರ್ಕ್ ಪ್ರವಾಸ: ಖರ್ಚಿನ ಲೆಕ್ಕ ಹಾಕುವುದು ಹೀಗೆ

ಮೂರು ಟಿಕೆಟ್, ಹೋಟೆಲ್, ಪ್ರಯಾಣ, ಮೇಲೊಂದಿಷ್ಟು ಕೈಖರ್ಚು. ಥೀಮ್ ಪಾರ್ಕ್ ಪ್ರವಾಸದ ಬಜೆಟ್ ಎಂದರೆ ಹೆಚ್ಚಿನ ಮನೆಗಳಲ್ಲಿ ಇಷ್ಟೇ. ಎರಡರಿಂದ ಐದು ವರ್ಷದ ಮಗು ಜೊತೆಗಿದ್ದರೆ ಈ ಲೆಕ್ಕ ಮೊದಲ ದಿನವೇ ಕೈಕೊಡುತ್ತದೆ. ಪಾರ್ಕ್ 12 ಗಂಟೆ ತೆರೆದಿದ್ದರೂ ಮಗು ಖುಷಿಯಾಗಿರುವುದು ಅದರಲ್ಲಿ ಐದಾರು ಗಂಟೆ. ಕೊಟ್ಟ ದುಡ್ಡು ಗಿಟ್ಟುವುದು ಆ ಐದಾರು ಗಂಟೆಗಳಲ್ಲಿ ಮಾತ್ರ. ಹಾಗಾಗಿ ಲೆಕ್ಕವನ್ನು ಪಾರ್ಕಿನ ದರಪಟ್ಟಿಯಿಂದಲ್ಲ, ಮಗುವಿನ ದಿನಚರಿಯಿಂದ ಶುರು ಮಾಡಬೇಕು.

ಒಂದೊಂದು ದೇಶದಲ್ಲಿ ಒಂದೊಂದು ದರ. ಆದ್ದರಿಂದ ಇಲ್ಲಿ ದೊಡ್ಡವರ ಒಂದು ದಿನದ ಟಿಕೆಟ್ಟನ್ನು 100 ಎಂದು ಹಿಡಿದಿದ್ದೇವೆ. ಮುಂದೆ ಬರುವ ಮೊತ್ತಗಳೆಲ್ಲ ಆ ನೂರಕ್ಕೆ ಹೋಲಿಸಿದ ಉದಾಹರಣೆಗಳು. ನೀವು ಹೋಗುವ ಪಾರ್ಕಿನ ನಿಜವಾದ ದರ ಹಾಕಿಕೊಂಡರೆ ಲೆಕ್ಕ ನಿಮ್ಮದಾಗುತ್ತದೆ. ಉದಾಹರಣೆಯ ಕುಟುಂಬದಲ್ಲಿ ಇಬ್ಬರು ದೊಡ್ಡವರು, ಮೂರೂವರೆ ವರ್ಷದ ಒಂದು ಮಗು.

ಹಂತ 1: ಮಗುವಿನ ವಯಸ್ಸು, ಎತ್ತರ ಬರೆದುಕೊಳ್ಳಿ

ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಗುರುತು ಹಾಕಿ, ಟೇಪಿನಿಂದ ಅಳೆಯಿರಿ. ಪಾದರಕ್ಷೆ ಇಲ್ಲದೆ ಒಮ್ಮೆ, ಪ್ರವಾಸಕ್ಕೆ ಹಾಕುವ ಶೂ ಸಹಿತ ಒಮ್ಮೆ. ಈ ಒಂದು ಸಂಖ್ಯೆ ಅರ್ಧ ಬಜೆಟ್ಟನ್ನೇ ನಿರ್ಧರಿಸುತ್ತದೆ.

ಮಕ್ಕಳ ಟಿಕೆಟ್ ದರವನ್ನು ಕೆಲವು ಪಾರ್ಕುಗಳು ವಯಸ್ಸಿನ ಮೇಲೆ, ಕೆಲವು ಎತ್ತರದ ಮೇಲೆ ನಿಗದಿ ಮಾಡುತ್ತವೆ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲೂ ಡಿಸ್ನಿಲ್ಯಾಂಡ್ ಪ್ಯಾರಿಸ್‌ನಲ್ಲೂ 3 ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ. ಟೋಕಿಯೊ ಡಿಸ್ನಿಯಲ್ಲಿ 4 ತುಂಬಿದವರಿಗೆ ಮಾತ್ರ ಟಿಕೆಟ್. ಅಂದರೆ ಮೂರೂವರೆ ವರ್ಷದ ಅದೇ ಮಗುವಿಗೆ ಒಂದು ಕಡೆ ಪೂರಾ ಮಕ್ಕಳ ದರ, ಇನ್ನೊಂದು ಕಡೆ ಉಚಿತ. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಪಾರ್ಕಿಗೆ ಹೋದ ದಿನದ ವಯಸ್ಸು, ಟಿಕೆಟ್ ಕೊಂಡ ದಿನದ್ದಲ್ಲ. ಹುಟ್ಟುಹಬ್ಬದ ಆಚೆ ಈಚೆ ಹೋಗುವವರು ದಿನಾಂಕವನ್ನು ಎರಡು ಸಲ ನೋಡಿಕೊಳ್ಳಿ, ವಯಸ್ಸಿನ ದಾಖಲೆ ಕೈಯಲ್ಲಿರಲಿ.

ಎತ್ತರದ ವಿಷಯ ಇನ್ನೂ ಮುಖ್ಯ. ದೊಡ್ಡ ರೈಡ್‌ಗಳಲ್ಲಿ 97, 102, 112 ಸೆಂ.ಮೀ. ಎಂಬ ಮಿತಿಗಳು ಮತ್ತೆ ಮತ್ತೆ ಕಾಣುತ್ತವೆ. 38, 40, 44 ಇಂಚುಗಳನ್ನು ಸೆಂಟಿಮೀಟರ್ ಮಾಡಿದರೆ ಬರುವ ಸಂಖ್ಯೆಗಳಿವು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಕೋಷ್ಟಕದಲ್ಲಿ 3 ತುಂಬಿದ ಮಕ್ಕಳ ಮಧ್ಯಮ ಎತ್ತರ ಸುಮಾರು 95ರಿಂದ 96 ಸೆಂ.ಮೀ.; 4 ತುಂಬಿದಾಗ ಸುಮಾರು 103. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಚ್ಚಿನ ಪಾರ್ಕುಗಳಲ್ಲಿ ಮೂರು ತುಂಬಿದ ಮಗು ಟಿಕೆಟ್‌ಗೆ ದುಡ್ಡು ಕೊಡುತ್ತದೆ, ಆದರೆ ದೊಡ್ಡ ರೈಡ್ ಏರಲು ಒಂದೆರಡು ಸೆಂಟಿಮೀಟರ್ ಸಾಲದು. ದುಡ್ಡಿನ ಮಟ್ಟಿಗೆ ಇದೇ ಅತಿ ದುಬಾರಿ ವಯಸ್ಸು. ಪ್ರವಾಸವನ್ನು ಆರೇಳು ತಿಂಗಳು ಹಿಂದೆ ಮುಂದೆ ಮಾಡುವ ಅವಕಾಶವಿದ್ದರೆ 3 ತುಂಬುವ ಮುನ್ನ ಹೋಗಿ, ಇಲ್ಲವೇ 4ರ ಹೊಸ್ತಿಲವರೆಗೆ ಕಾಯಿರಿ.

ಹಂತ 2: ಮಗುವಿನ ಗಂಟೆಗಳನ್ನು ಎಣಿಸಿ

ಮನೆಯಲ್ಲಿ ಒಂದು ವಾರ ಮಗು ಏಳುವ, ಮಧ್ಯಾಹ್ನ ಮಲಗುವ, ರಾತ್ರಿ ಮಲಗುವ ಹೊತ್ತನ್ನು ಬರೆದಿಡಿ. ಉದಾಹರಣೆಗೆ, ಆರೂವರೆಗೆ ಏಳುವ, ಒಂದರಿಂದ ಮೂರರವರೆಗೆ ಮಲಗುವ, ರಾತ್ರಿ ಎಂಟೂವರೆಗೆ ಮಲಗುವ ಮಗು ಎಂದಿಟ್ಟುಕೊಳ್ಳಿ. ಪಾರ್ಕಿನಲ್ಲಿ ಅದಕ್ಕೆ ಒಗ್ಗುವ ಹೊತ್ತು ಬೆಳಿಗ್ಗೆ 9ರಿಂದ 12.30, ಮತ್ತೆ ಸಂಜೆ 4ರಿಂದ 7. ಒಟ್ಟು ಆರೂವರೆ ಗಂಟೆ. ಊಟ, ಶೌಚಾಲಯ, ಡೈಪರ್, ಬಟ್ಟೆ ಬದಲಾವಣೆಗೆ ಒಂದೂವರೆ ಗಂಟೆ ತೆಗೆದರೆ ಉಳಿಯುವುದು 5 ಗಂಟೆ.

ಒಂದು ರೈಡ್‌ಗೆ ಸರಾಸರಿ 30 ನಿಮಿಷ ಸಾಲು, 5 ನಿಮಿಷ ರೈಡ್, ಮುಂದಿನದಕ್ಕೆ ನಡೆಯಲು 10 ನಿಮಿಷ. ಒಟ್ಟು 45 ನಿಮಿಷ. 5 ಗಂಟೆಯಲ್ಲಿ ಆರು ರೈಡ್ ಆಗುತ್ತವೆ, ಅದೃಷ್ಟವಿದ್ದರೆ ಏಳು.

ಈಗ ಪಾರ್ಕಿನ ನಕ್ಷೆ ತೆರೆದು ನಿಮ್ಮ ಮಗುವಿನ ಎತ್ತರಕ್ಕೆ ಆಗುವ ರೈಡ್‌ಗಳನ್ನು ಮಾತ್ರ ಗುರುತಿಸಿ. ಕತ್ತಲೆ, ಜೋರು ಸದ್ದು ಇರುವಂಥವನ್ನು ಪಟ್ಟಿಯಿಂದ ತೆಗೆಯಿರಿ. ಎತ್ತರ ಸಾಕಾದರೂ ಅಂಥವುಗಳ ಬಾಗಿಲಲ್ಲೇ ಮಗು ಅಳಲು ಶುರು ಮಾಡುತ್ತದೆ. ಮಗುವಿಗೆ ಆಗುವಂಥವು ಒಂಬತ್ತು ಉಳಿದವು ಎನ್ನಿ. ಮೆಚ್ಚಿದ ಒಂದೆರಡನ್ನು ಮಗು ಮೂರು ಮೂರು ಸಲ ಕೇಳುವುದು ಖಚಿತ, ಅದನ್ನೂ ಸೇರಿಸಿದರೆ ಸುಮಾರು ಹನ್ನೆರಡು. ಎರಡು ದಿನಕ್ಕೆ ಸರಿಯಾಯಿತು. ಮೂರನೇ ದಿನ ಬೇಕಿಲ್ಲ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ತಿಳಿಯುವ ದಾರಿ ಇದು.

ಹಂತ 3: ಎಷ್ಟು ದಿನದ ಟಿಕೆಟ್?

1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಶುರುವಾದ ವರ್ಷವೇ ರೈಡ್‌ಗಳಿಗೆ ಕೂಪನ್ ಪುಸ್ತಕಗಳು ಬಂದವು. ಒಳಗೆ ಹೋಗಲು ಒಂದು ಶುಲ್ಕ, ರೈಡ್‌ಗಳಿಗೆ ಬೇರೆ ಕೂಪನ್. ಏರಿದಷ್ಟಕ್ಕೆ ದುಡ್ಡು. 1982ರಲ್ಲಿ ಆ ಪದ್ಧತಿ ನಿಂತು, ಒಮ್ಮೆ ಕೊಟ್ಟರೆ ಎಲ್ಲವೂ ಎಂಬ ಟಿಕೆಟ್ ಬಂತು. ದಿನಕ್ಕೆ ಇಪ್ಪತ್ತು ರೈಡ್ ಏರುವ ಹದಿಹರೆಯದವರಿಗೆ ಇದು ಲಾಭ. ಆರು ರೈಡ್ ಏರುವ ಪುಟ್ಟ ಮಗುವಿನ ಮನೆಯವರಿಗೆ ಪ್ರತಿ ರೈಡ್ ದುಬಾರಿ. ಮಕ್ಕಳ ಟಿಕೆಟ್ 80 ಎಂದಾದರೆ ಒಂದು ದಿನಕ್ಕೆ ಕುಟುಂಬದ ಟಿಕೆಟ್ 280. ಆರರಿಂದ ಭಾಗಿಸಿದರೆ ರೈಡ್‌ಗೆ ಹತ್ತಿರ ಹತ್ತಿರ 47.

ಹೆಚ್ಚು ದಿನದ ಟಿಕೆಟ್ ಕೊಂಡರೆ ದಿನದ ದರ ಇಳಿಯುತ್ತದೆ. ಎರಡು ದಿನಕ್ಕೆ ಕುಟುಂಬಕ್ಕೆ 504, ಮೂರು ದಿನಕ್ಕೆ 672 ಎಂದಿರಲಿ. ಮೂರನೇ ದಿನಕ್ಕೆ ಬರೀ 168, ಬಿಟ್ಟರೆ ನಷ್ಟ ಅನ್ನಿಸುತ್ತದೆ. ಆದರೆ ಆ ದಿನ ಒಂದು ರಾತ್ರಿಯ ಹೋಟೆಲ್ 150, ಊಟ ತಿಂಡಿ 65 ಬೆನ್ನಿಗೇ ಬರುತ್ತವೆ. ನಿಜವಾದ ಖರ್ಚು 383. ಮೊದಲ ದಿನದ ಟಿಕೆಟ್ಟಿಗಿಂತ ನೂರು ಹೆಚ್ಚು, ಅದೂ ಮಗು ಈಗಾಗಲೇ ನೋಡಿ ಮುಗಿಸಿದ ಪಾರ್ಕಿಗೆ.

ಒಂದೇ ಟಿಕೆಟ್ಟಿನಲ್ಲಿ ಒಂದೇ ದಿನ ಎರಡು ಮೂರು ಪಾರ್ಕ್ ಸುತ್ತುವ ಸೌಲಭ್ಯವನ್ನು ಐದರೊಳಗಿನ ಮಗು ಇರುವವರು ಕೊಳ್ಳಲೇಬೇಡಿ. ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಹೋಗುವ ಒಂದು ಗಂಟೆ ನಿಮ್ಮ ಐದು ಗಂಟೆಯಿಂದಲೇ ಕಳೆಯುತ್ತದೆ.

ಸಾಲು ತಪ್ಪಿಸುವ ಪಾಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಉಚಿತವಾಗಿತ್ತು. ಈಗ ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಅಂಥ ಪಾಸ್‌ಗೆ ಪ್ರತ್ಯೇಕ ದರವಿದೆ. ಲೆಕ್ಕ ಹಾಕಿ ನೋಡಿ. ತಲಾ 60ರಂತೆ ಮೂವರಿಗೆ 180. ನಿಮ್ಮ ಒಂಬತ್ತು ರೈಡ್‌ಗಳಲ್ಲಿ ನಿಜಕ್ಕೂ ಉದ್ದ ಸಾಲಿರುವುದು ಮೂರಕ್ಕೆ ಎನ್ನಿ. ತಲಾ 25 ನಿಮಿಷ ಉಳಿದರೆ ಸಿಕ್ಕಿದ್ದು 75 ನಿಮಿಷ. ಎರಡನೇ ದಿನದ ಟಿಕೆಟ್‌ಗೆ ಹೆಚ್ಚುವರಿ 224 ಕೊಟ್ಟರೆ 5 ಗಂಟೆ ಸಿಗುತ್ತದೆ. ಬಾಗಿಲು ತೆರೆಯುವ 30 ನಿಮಿಷ ಮುಂಚೆ ಹೋಗಿ ನಿಂತರೆ ಆ ಮೂರರಲ್ಲಿ ಎರಡು ರೈಡ್ ದುಡ್ಡಿಲ್ಲದೆ ಬೇಗ ಮುಗಿಯುತ್ತವೆ. ಬೇಗ ಏಳುವ ಮಗು ಇಲ್ಲಿ ಉಪಕಾರಕ್ಕೆ ಬರುತ್ತದೆ. ಪಾರ್ಕಿಗೆ ಒಂದೇ ದಿನ ಸಿಕ್ಕಿದೆ, ಅದೂ ರಜೆಯ ನೂಕುನುಗ್ಗಲಿನಲ್ಲಿ ಎಂದಾದರೆ ಮಾತ್ರ ಪಾಸ್ ಕೊಳ್ಳಿ.

ಅಪ್ಪ ಅಮ್ಮನಿಗೂ ದೊಡ್ಡ ರೈಡ್ ಏರುವ ಆಸೆ ಇರುತ್ತದೆ. ಅದಕ್ಕೆ ಡಿಸ್ನಿಯಲ್ಲಿ ‘ರೈಡರ್ ಸ್ವಿಚ್’, ಯೂನಿವರ್ಸಲ್ ಪಾರ್ಕುಗಳಲ್ಲಿ ‘ಚೈಲ್ಡ್ ಸ್ವಾಪ್’ ಅಥವಾ ಅಂಥದ್ದೇ ಹೆಸರಿನ ಉಚಿತ ವ್ಯವಸ್ಥೆ ಇದೆ. ಒಬ್ಬರು ರೈಡ್‌ಗೆ ಹೋದಾಗ ಇನ್ನೊಬ್ಬರು ಮಗುವಿನ ಜೊತೆ ಇರುತ್ತಾರೆ. ಆಮೇಲೆ ಎರಡನೆಯವರು ಮತ್ತೆ ಪೂರ್ತಿ ಸಾಲು ನಿಲ್ಲಬೇಕಿಲ್ಲ. ಸಾಲಿನ ಬಾಯಲ್ಲಿರುವ ಸಿಬ್ಬಂದಿಯನ್ನು ಮೊದಲೇ ಕೇಳಬೇಕು. ಒಳಗೆ ಹೋಗಿ ಅರ್ಧ ಸಾಲು ಮುಗಿದ ಮೇಲೆ ಕೇಳಿದರೆ ಹೊರಗೆ ಬಂದು ಮೊದಲಿನಿಂದ ಶುರು ಮಾಡಬೇಕಾಗಬಹುದು.

ಹಂತ 4: ದಿನಾಂಕ ಆರಿಸಿ

ದೊಡ್ಡ ಪಾರ್ಕುಗಳಲ್ಲಿ ಈಗ ಟಿಕೆಟ್ ದರ ದಿನಾಂಕದ ಮೇಲೆ ನಿಂತಿದೆ. ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಇದು 2018ರಿಂದ ಇದೆ. ಒಂದೇ ವಾರದ ಶನಿವಾರಕ್ಕೂ ಮಂಗಳವಾರಕ್ಕೂ ದರ ಬೇರೆ. ಮಗು ಇನ್ನೂ ಶಾಲೆಗೆ ಸೇರಿಲ್ಲ ಎಂಬುದು ನಿಮ್ಮ ಕೈಯಲ್ಲಿರುವ ದೊಡ್ಡ ರಿಯಾಯಿತಿ. ಉಳಿದವರ ಮಕ್ಕಳು ಶಾಲೆಯಲ್ಲಿರುವಾಗ ಹೋಗಿ ಬನ್ನಿ. ಟಿಕೆಟ್, ಹೋಟೆಲ್, ವಿಮಾನ ಮೂರೂ ಆಗ ಒಟ್ಟಿಗೆ ಇಳಿದಿರುತ್ತವೆ, ಸಾಲೂ ಚಿಕ್ಕದು. ಮಗು ಶಾಲೆಗೆ ಸೇರಿದ ವರ್ಷದಿಂದ ಈ ಅನುಕೂಲ ಮತ್ತೆ ಸಿಗದು.

ಜನ ಕಡಿಮೆ ಇರುವ ತಿಂಗಳಲ್ಲಿ ಪಾರ್ಕುಗಳು ರೈಡ್‌ಗಳನ್ನು ದುರಸ್ತಿಗೆ ಮುಚ್ಚುತ್ತವೆ, ಬೇಗ ಬಾಗಿಲು ಹಾಕುತ್ತವೆ. ನಿಮ್ಮ ಪಟ್ಟಿಯ ಒಂಬತ್ತರಲ್ಲಿ ಎಷ್ಟು ಮುಚ್ಚಿವೆ ಎಂದು ಪಾರ್ಕಿನ ಸ್ವಂತ ಜಾಲತಾಣದಲ್ಲಿ ನೋಡಿದ ಮೇಲೆಯೇ ದುಡ್ಡು ಕಟ್ಟಿ. ಅದೇ ಪುಟದಲ್ಲಿ ದಿನಾಂಕ ಬದಲಾಯಿಸಲು ಆಗುತ್ತದೆಯೇ ಎಂಬ ನಿಯಮವನ್ನೂ ಓದಿ. ಪುಟ್ಟ ಮಕ್ಕಳಿಗೆ ಹೊರಡುವ ಹಿಂದಿನ ರಾತ್ರಿ ಜ್ವರ ಬರುವುದು ಹೊಸದೇನಲ್ಲ. ದಿನಾಂಕ ಬದಲಿಸಲಾಗದ ಟಿಕೆಟ್ ಐದು ಹತ್ತು ಪ್ರತಿಶತ ಅಗ್ಗವಿದ್ದರೂ ಮಗು ಇರುವವರಿಗೆ ಅದು ಬೇಡ.

ಹಂತ 5: ಉಳಿಯುವ ಜಾಗ

ಇಲ್ಲಿ ಉಳಿಸಲು ಹೋಗಿ ಕಳೆದುಕೊಳ್ಳುವವರೇ ಹೆಚ್ಚು. ಪಾರ್ಕಿಗೆ ನಡೆದು ಹೋಗುವಷ್ಟು ಹತ್ತಿರದ ಹೋಟೆಲ್ ರಾತ್ರಿಗೆ 150, 40 ನಿಮಿಷ ದೂರದ್ದು 100. ಮೂರು ರಾತ್ರಿಗೆ 150 ಉಳಿಯಿತು ಎನ್ನಿಸುತ್ತದೆ. ಆದರೆ ಮಗುವನ್ನು ಮಧ್ಯಾಹ್ನ ಮಲಗಿಸಬೇಕಾದರೆ ದಿನಕ್ಕೆ ನಾಲ್ಕು ಸಲ ಓಡಾಟ. ಟ್ಯಾಕ್ಸಿ ಒಂದು ಸಲಕ್ಕೆ 20 ಎಂದರೆ 80. ಪಾರ್ಕಿನ ದಿನ ದೂರದ ಹೋಟೆಲ್ಲಿಗೆ ಬೀಳುವ ಖರ್ಚು 180. ಹತ್ತಿರದ್ದಕ್ಕಿಂತ 30 ಹೆಚ್ಚಾಯಿತು, ಜೊತೆಗೆ 160 ನಿಮಿಷ ರಸ್ತೆಯಲ್ಲೇ ಹೋಯಿತು.

ಓಡಾಟ ಬೇಡವೆಂದು ಮಧ್ಯಾಹ್ನದ ನಿದ್ದೆ ಬಿಡಿಸಿದರೆ ಏನಾಗುತ್ತದೆ? ಎರಡು ಗಂಟೆಯ ಹೊತ್ತಿಗೆ ಮಗು ಕಣ್ಣುಜ್ಜಲು ಶುರು ಮಾಡುತ್ತದೆ. ಎರಡೂವರೆಗೆ ಕೊಟ್ಟಿದ್ದೆಲ್ಲ ಬೇಡ, ಎತ್ತಿಕೊಂಡರೆ ಇಳಿಸು, ಇಳಿಸಿದರೆ ಎತ್ತಿಕೋ. ಮೂರಕ್ಕೆ ನೆಲದ ಮೇಲೆ ಕುಳಿತು ರಚ್ಚೆ. ಸಮಾಧಾನ ಮಾಡಲು ಒಂದು ಬಲೂನು, ಅದು ಸಾಲದೆ ಒಂದು ಐಸ್‌ಕ್ರೀಂ, ಅದೂ ಸಾಲದೆ ಅಂಗಡಿಯ ಗೊಂಬೆ. ಕೊನೆಗೆ ನಾಲ್ಕಕ್ಕೇ ಟ್ಯಾಕ್ಸಿ ಹಿಡಿದು ಹೋಟೆಲ್ಲಿಗೆ. ಸಂಜೆಯ ಮೂರು ಗಂಟೆಯ ಟಿಕೆಟ್ ದುಡ್ಡು ನೀರಿಗೆ ಬಿದ್ದಂತೆ. ಈ ನಷ್ಟ ಯಾವ ರಸೀದಿಯಲ್ಲೂ ಕಾಣುವುದಿಲ್ಲ, ಅದಕ್ಕೇ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೋಟೆಲ್ ಬುಕ್ ಮಾಡುವಾಗ ರಾತ್ರಿಯ ದರವನ್ನಷ್ಟೇ ಹೋಲಿಸಬೇಡಿ. ತೆರಿಗೆ, ಕೆಲವು ಕಡೆ ಹಾಕುವ ರೆಸಾರ್ಟ್ ಶುಲ್ಕ, ಪಾರ್ಕಿಂಗ್ ಸೇರಿಸಿದ ಒಟ್ಟು ಮೊತ್ತ ನೋಡಿ. ಕೋಣೆಯಲ್ಲಿ ಫ್ರಿಜ್, ನೀರು ಕಾಯಿಸುವ ಕೆಟಲ್ ಇದೆಯೇ, ಬೆಳಗಿನ ತಿಂಡಿ ಸೇರಿದೆಯೇ, ತೊಟ್ಟಿಲಿಗೆ ಬೇರೆ ದುಡ್ಡೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಹೋಟೆಲ್ ಬಸ್ ಉಚಿತ ಎಂದಿದ್ದರೆ ಮಧ್ಯಾಹ್ನ ಓಡುತ್ತದೆಯೇ ಎಂದು ಕೇಳುವುದು ಮುಖ್ಯ. ಬೆಳಿಗ್ಗೆ ಸಂಜೆ ಮಾತ್ರ ಓಡುವ ಬಸ್ಸು ನಿದ್ದೆಗೆ ಉಪಯೋಗವಿಲ್ಲ. ಸ್ವಂತ ಕಾರಿನಲ್ಲಿ ಹೋಗುವವರು, ಒಮ್ಮೆ ಕೊಟ್ಟ ಪಾರ್ಕಿಂಗ್ ಶುಲ್ಕ ದಿನವಿಡೀ ನಡೆಯುತ್ತದೆಯೇ, ಪಾರ್ಕಿನಿಂದ ಹೊರಗೆ ಬಂದು ಮತ್ತೆ ಒಳಗೆ ಬಿಡುತ್ತಾರೆಯೇ ಎಂದು ನೋಡಿಕೊಳ್ಳಿ.

ಹಂತ 6: ಪ್ರಯಾಣ

ವಿಮಾನದಲ್ಲಿ ಸಾಮಾನ್ಯವಾಗಿ 2 ತುಂಬದ ಮಗು ಮಡಿಲಲ್ಲಿ ಕೂರಬಹುದು, ದರ ತೀರಾ ಕಡಿಮೆ. ಎರಡು ತುಂಬಿದರೆ ಸ್ವಂತ ಆಸನ ಬೇಕು. ಹೋಗುವಾಗ ಎರಡು ತುಂಬಿರದೆ ಪ್ರವಾಸದ ನಡುವೆ ತುಂಬಿದರೆ ಮರಳುವಾಗ ಆಸನ ಕೊಳ್ಳಬೇಕು. ಇದನ್ನು ಬುಕ್ ಮಾಡುವಾಗಲೇ ಲೆಕ್ಕಕ್ಕೆ ಹಿಡಿಯಿರಿ. ಮಗುವಿನ ಹಾಲು, ಆಹಾರಕ್ಕೆ ಭದ್ರತಾ ತಪಾಸಣೆಯಲ್ಲಿ 100 ಮಿ.ಲೀ. ಮಿತಿಯಿಂದ ಸಾಮಾನ್ಯವಾಗಿ ವಿನಾಯಿತಿ ಇದೆ, ತಪಾಸಣೆಯವರಿಗೆ ಬೇರೆಯಾಗಿ ತೋರಿಸಬೇಕು. ಬಾಡಿಗೆ ಕಾರಿಗೆ ಮಕ್ಕಳ ಸೀಟು ದಿನಬಾಡಿಗೆಯ ಲೆಕ್ಕದಲ್ಲಿ ಬರುತ್ತದೆ. ನಾಲ್ಕೈದು ದಿನವಾದರೆ ಮನೆಯದನ್ನೇ ಒಯ್ಯುವುದು ಅಗ್ಗ.

ಹಂತ 7: ಊಟ

ಪಾರ್ಕಿನೊಳಗೆ ದೊಡ್ಡವರ ಊಟ 15, ಮಗುವಿನದು 9 ಎಂದಾದರೆ ಒಂದು ಹೊತ್ತಿಗೆ 39. ಎರಡು ಹೊತ್ತು 78, ನಡುವೆ ಮೂರು ಸಲ ಏನಾದರೂ ತಿನ್ನಲು ಕುಡಿಯಲು 21. ದಿನಕ್ಕೆ 99. ನಿದ್ದೆಗೆಂದು ಹೇಗೂ ಕೋಣೆಗೆ ಬರುತ್ತೀರಲ್ಲ, ಮಧ್ಯಾಹ್ನದ ಊಟವನ್ನು ಕಿರಾಣಿ ಅಂಗಡಿಯಿಂದ ತಂದ ಸಾಮಾನಿನಲ್ಲಿ 12ಕ್ಕೆ ಮುಗಿಸಿ. ಚೀಲದಲ್ಲಿ 5ರ ತಿಂಡಿ, ಪಾರ್ಕಿನಲ್ಲಿ ಒಂದೇ ಸಲ 7ರ ಐಸ್‌ಕ್ರೀಂ, ರಾತ್ರಿ 39. ಒಟ್ಟು 63. ಮಗು ಹಸಿದಿರುವಾಗ ಅರ್ಧ ಗಂಟೆ ಸಾಲಿನಲ್ಲಿ ನಿಲ್ಲಿಸಬೇಡಿ. ಬೆಳಿಗ್ಗೆ ಹತ್ತೂವರೆಗೆ, ಸಂಜೆ ಐದಕ್ಕೆ, ಅಂದರೆ ಉಳಿದವರಿಗಿಂತ ಒಂದು ಗಂಟೆ ಮೊದಲು ಹೊಟ್ಟೆಗೆ ಕೊಡಿ.

ಹೊರಗಿನ ಆಹಾರ ಬಿಡುತ್ತಾರೆಯೇ ಎಂಬುದು ಪಾರ್ಕಿನಿಂದ ಪಾರ್ಕಿಗೆ ಬೇರೆ. ಬಿಡದ ಕಡೆಯೂ ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಗಾಜಿನ ಬಾಟಲಿ ಮಾತ್ರ ಒಯ್ಯಬೇಡಿ, ಅನೇಕ ಕಡೆ ಬಾಗಿಲಲ್ಲೇ ತೆಗೆಸುತ್ತಾರೆ. ದೊಡ್ಡವರ ಒಂದು ತಟ್ಟೆಯಲ್ಲಿ ಮೂರು ವರ್ಷದ ಮಗುವಿನ ಊಟ ಹೆಚ್ಚಾಗಿ ಮುಗಿಯುತ್ತದೆ, ಒಂದು ಖಾಲಿ ತಟ್ಟೆ ಕೇಳಿ ಪಡೆಯಿರಿ.

ಹಂತ 8: ಸ್ಟ್ರೋಲರ್ ಮತ್ತು ಚೀಲ

ಮನೆಯಲ್ಲಿ ಸ್ಟ್ರೋಲರ್ (ಮಗುವನ್ನು ಕೂರಿಸಿ ತಳ್ಳುವ ಗಾಡಿ) ಬಿಟ್ಟು ವರ್ಷವಾದ ಮಗುವಿಗೂ ಪಾರ್ಕಿನಲ್ಲಿ ಅದು ಬೇಕು. ಪಾರ್ಕಿನಲ್ಲಿ ದಿನಬಾಡಿಗೆ 10 ಎಂದರೆ ಎರಡು ದಿನಕ್ಕೆ 20. ಮೂರು ದಿನ ದಾಟಿದರೆ ಹಗುರದ ಮಡಚುವ ಸ್ಟ್ರೋಲರ್ ಕೊಳ್ಳುವುದೇ ಮೇಲು. ಪಾರ್ಕಿನ ಬಾಡಿಗೆ ಗಾಡಿ ಗೇಟಿನಾಚೆ ಬರುವುದಿಲ್ಲ. ರಾತ್ರಿ ನಿದ್ದೆಹೋದ ಮಗುವನ್ನು ಹೊತ್ತು ನಡೆಯಬೇಕಾಗುವುದು ಗೇಟಿನಾಚೆಯೇ. ಸ್ವಂತದ್ದು ಒಯ್ಯುವುದಾದರೆ ಅಳತೆ ನೋಡಿ: ವಾಲ್ಟ್ ಡಿಸ್ನಿ ವರ್ಲ್ಡ್ 2019ರಿಂದ ಸುಮಾರು 79 ಸೆಂ.ಮೀ. ಅಗಲ, 132 ಸೆಂ.ಮೀ. ಉದ್ದಕ್ಕಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ. ರೈಡ್‌ಗಳ ಹೊರಗೆ ನೂರಾರು ಒಂದೇ ಥರದ ಗಾಡಿಗಳು ನಿಂತಿರುತ್ತವೆ, ಸಿಬ್ಬಂದಿ ಜಾಗವನ್ನೂ ಬದಲಿಸುತ್ತಾರೆ. ಹಿಡಿಗೆ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಕಟ್ಟಿ. ದುಡ್ಡು, ಪಾಸ್‌ಪೋರ್ಟ್, ಫೋನ್ ಅದರಲ್ಲಿ ಬಿಡಬೇಡಿ.

ಚೀಲಕ್ಕೆ ಒಂದು ದಿನಕ್ಕೆ ಇಷ್ಟು:
- ಡೈಪರ್: ಹೊರಗಿರುವ ಪ್ರತಿ ಎರಡೂವರೆ ಗಂಟೆಗೆ ಒಂದು, ಮೇಲೆ ಎರಡು. ನೀರಾಟವಿದ್ದರೆ ಈಜು ಡೈಪರ್ ಎರಡು
- ಬಟ್ಟೆ ಎರಡು ಜೊತೆ, ಒದ್ದೆ ಬಟ್ಟೆಗೆ ಮುಚ್ಚುವ ಪ್ಲಾಸ್ಟಿಕ್ ಚೀಲ
- ಟೋಪಿ, ಮಳೆಯಂಗಿ, ಒರೆಸುವ ಟಿಶ್ಯೂ ಒಂದು ಪೊಟ್ಟಣ
- ನೀರಿನ ಬಾಟಲಿ ಎರಡು, ಜ್ವರದ ಔಷಧಿ, ಅಳತೆಯ ಮುಚ್ಚಳದೊಂದಿಗೆ

ಇವುಗಳಲ್ಲಿ ಯಾವುದು ಮರೆತರೂ ಪಾರ್ಕಿನ ಅಂಗಡಿಯಲ್ಲಿ ಹೊರಗಿನದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳಬೇಕಾಗುತ್ತದೆ.

ಹಂತ 9: ಗೊಂಬೆ ಅಂಗಡಿ, ಫೋಟೊ

ಅನೇಕ ರೈಡ್‌ಗಳ ಹೊರದಾರಿ ಅಂಗಡಿಯ ಒಳಗಿಂದಲೇ ಹಾಯುತ್ತದೆ, ಗೊಂಬೆಗಳು ಮಗುವಿನ ಕಣ್ಣಿನ ಎತ್ತರದಲ್ಲೇ ಇರುತ್ತವೆ. ಇದಕ್ಕೆ 40 ಎತ್ತಿಡಿ, ಅಷ್ಟಕ್ಕೇ ಮುಗಿಸಿ. ಅರ್ಧ ದುಡ್ಡಿನಲ್ಲಿ ಮನೆಯಿಂದ ಹೊರಡುವ ಮೊದಲೇ ಅದೇ ಪಾತ್ರದ ಸಣ್ಣ ಆಟಿಕೆ, ಸ್ಟಿಕ್ಕರ್, ಬೆಳಕಿನ ಕಡ್ಡಿ ಕೊಂಡು ಬಚ್ಚಿಡಿ. ಸಂಜೆ ಮೆರವಣಿಗೆಯ ಹೊತ್ತಿಗೆ ಅಲ್ಲಿ ಹೊಳೆಯುವ ಆಟಿಕೆಗಳ ಮಾರಾಟ ಶುರುವಾದಾಗ ತೆಗೆದುಕೊಡಿ. ಉಳಿದರ್ಧಕ್ಕೆ ಕೊನೆಯ ದಿನ ಒಂದೇ ಒಂದು ವಸ್ತುವನ್ನು ಮಗುವೇ ಆರಿಸಲಿ. ಬೇಡ ಎನ್ನುವುದಕ್ಕಿಂತ "ಇದರ ಫೋಟೊ ತೆಗೆದಿಟ್ಟುಕೊಳ್ಳೋಣ, ಕೊನೆಯ ದಿನ ಬಂದು ಆರಿಸು" ಎನ್ನುವುದು ಈ ವಯಸ್ಸಿಗೆ ಚೆನ್ನಾಗಿ ನಡೆಯುತ್ತದೆ. ಪಾತ್ರಧಾರಿಗಳ ಜೊತೆ ಫೋಟೊ ತೆಗೆಯುವ ಸಿಬ್ಬಂದಿಗೆ ನಿಮ್ಮ ಫೋನನ್ನೂ ಕೊಟ್ಟು ನೋಡಿ, ಅನೇಕ ಕಡೆ ತೆಗೆದುಕೊಡುತ್ತಾರೆ.

ಹಂತ 10: ಕೂಡಿಸಿ, ಮೀಸಲು ಇಡಿ

ಎರಡು ದಿನದ ಟಿಕೆಟ್ 504, ಮೂರು ರಾತ್ರಿ ಹೋಟೆಲ್ 450, ಊಟ (ಪಾರ್ಕಿನ ಎರಡು ದಿನ, ಹೋಗಿ ಬರುವ ಎರಡು ಅರ್ಧ ದಿನ) 206, ಸ್ಟ್ರೋಲರ್ 20, ಸಾಮಾನು ಇಡುವ ಲಾಕರ್ 8, ಉಡುಗೊರೆ 40, ಸ್ಥಳೀಯ ಓಡಾಟ 40. ಒಟ್ಟು 1268. ಇದರ 12 ಪ್ರತಿಶತ, ಅಂದರೆ 152 ಮೀಸಲು. ಎಲ್ಲ ಸೇರಿ 1420, ಊರಿಂದ ಅಲ್ಲಿಗೆ ಹೋಗಿಬರುವ ಖರ್ಚು ಬೇರೆ. ಟಿಕೆಟ್ ಇದರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಮೊತ್ತ ಕೈಮೀರಿದೆ ಎನಿಸಿದರೆ ಮೊದಲು ದಿನ ಕಡಿಮೆ ಮಾಡಿ, ಆಮೇಲೆ ಉಡುಗೊರೆ, ಪಾಸ್. ಹೋಟೆಲಿನ ದೂರಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಮೀಸಲು ದುಡ್ಡು ವೈದ್ಯರಿಗೆ, ಮಳೆಗೆ, ತಪ್ಪಿದ ಬಸ್ಸಿಗೆ, ಗೊಂಬೆಗಲ್ಲ. ವಿದೇಶದಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ "ನಿಮ್ಮ ದೇಶದ ಹಣದಲ್ಲಿ ಪಾವತಿಸುವಿರಾ" ಎಂದು ಕೇಳಿದರೆ ಬೇಡ ಎಂದು ಅಲ್ಲಿನ ಹಣವನ್ನೇ ಆರಿಸಿ. ಇಲ್ಲದಿದ್ದರೆ ವಿನಿಮಯ ದರದಲ್ಲಿ ಹೆಚ್ಚುವರಿ ಕಡಿತವಾಗುತ್ತದೆ. ಪ್ರತಿ ರಾತ್ರಿ ಮಗು ಮಲಗಿದ ಮೇಲೆ ಐದು ನಿಮಿಷ ಕೂತು ಅಂದಿನ ಖರ್ಚನ್ನು ಟಿಕೆಟ್, ಊಟ, ಓಡಾಟ, ಇತರೆ ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ. ಮೊದಲ ದಿನ ಊಟಕ್ಕೆ 20 ಹೆಚ್ಚಾಗಿದ್ದರೆ ಮರುದಿನವೇ ಸರಿಪಡಿಸಬಹುದು.

ಕೊನೆಯ ದಿನ ಗಡಿಬಿಡಿಯಲ್ಲಿ ಹೊರಡಬೇಡಿ. ಕೆಲವು ಪಾರ್ಕುಗಳಲ್ಲಿ ಲಾಕರಿಗೆ, ಸ್ಟ್ರೋಲರಿಗೆ ಠೇವಣಿ ಇರುತ್ತದೆ, ಇನ್ನು ಕೆಲವು ಕಡೆ ಒಳಗಿನ ಖರ್ಚಿಗೆಂದು ಕಾರ್ಡಿಗೋ ಕೈಪಟ್ಟಿಗೋ ದುಡ್ಡು ತುಂಬಿಸಿರುತ್ತೀರಿ. ಉಳಿದದ್ದನ್ನು ಹಿಂದಿರುಗಿಸುವ ಕೌಂಟರ್ ಎಲ್ಲಿದೆ, ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಬೆಳಿಗ್ಗೆ ಒಳಗೆ ಹೋಗುವಾಗಲೇ ಕೇಳಿಟ್ಟುಕೊಳ್ಳಿ. ಪಾರ್ಕ್ ಮುಚ್ಚುವ ಹೊತ್ತಿಗೆ ಅಲ್ಲೂ ಉದ್ದ ಸಾಲಿರುತ್ತದೆ, ಮಗು ಅಷ್ಟರಲ್ಲಿ ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ. ಮುಚ್ಚುವ ಒಂದು ಗಂಟೆ ಮೊದಲೇ ಆ ಕೆಲಸ ಮುಗಿಸಿ.